ಅಪರಿಚಿತ ಅಮರೇಶಪ್ಪ

ದಿಲ್‌ಸುಖ್‌ನಗರದಲ್ಲಿ ಮೆಟ್ರೋ ಇಳಿದು ಕತ್ತೆತ್ತಿದರೆ ಮೊದಲು ಕಾಣುವುದು ಆಕಾಶವಲ್ಲ, ರ್‍ಯಾಂಕು. ಯಾವ ಗೋಡೆ ನೋಡಿದರೂ ಪಾಸ್‌ಪೋರ್ಟ್ ಅಳತೆಯ ಹುಡುಗ ಹುಡುಗಿಯರು ತಂತಮ್ಮ ಅಂಕಿಯನ್ನು ಕಿರೀಟದಂತೆ ಹೊತ್ತು ನಗುತ್ತಿರುತ್ತಾರೆ. ಆ ನಗೆಯ ಬುಡದಲ್ಲಿ, ಬ್ಯಾಂಕ್ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ಸೆಂಟರಿನ ನೇರ ಕೆಳಗೆ, ಅಮರೇಶಪ್ಪನವರ ಸ್ಟೀಲ್ ಪಾತ್ರೆಯ ಅಂಗಡಿ. ಮೇಲಿನವರು ತಲೆ ತುಂಬುತ್ತಾರೆ, ಕೆಳಗಿನವರು ಕೊಡ ಕೊಡುತ್ತಾರೆ.

ಅಮರೇಶಪ್ಪ ಮೀಸೆ ಚಿಗುರುವ ಮೊದಲೇ ಲಿಂಗಸುಗೂರಿನಿಂದ ಬಂದು ದೊಡ್ಡಪ್ಪನ ಅಂಗಡಿಯಲ್ಲಿ ಪಾತ್ರೆ ಒರೆಸಲು ನಿಂತವರು. ಈಗ ಮೀಸೆ ಸ್ಟೀಲಿನ ಬಣ್ಣಕ್ಕೆ ತಿರುಗಿದೆ, ಅಂಗಡಿ ಅವರದೇ ಆಗಿದೆ. ಆದರೆ ಅವರ ಖ್ಯಾತಿ ಪಾತ್ರೆಯದಲ್ಲ, ಹೆಸರಿನದು. ಪೆನ್ನಿನ ಆಕಾರದ, ಬಾಲಕ್ಕೆ ವೈರಿರುವ ಒಂದು ಯಂತ್ರ ಸದಾ ಗಲ್ಲಾಪೆಟ್ಟಿಗೆಯ ಪಕ್ಕ ಮಲಗಿರುತ್ತದೆ. ಸ್ವಿಚ್ ಒತ್ತಿದರೆ ಜುಂಯ್ ಎಂದು ಎದ್ದು, ತಟ್ಟೆಯೋ ತಂಬಿಗೆಯೋ ಬೋಗುಣಿಯೋ, ಸಿಕ್ಕಿದ್ದರ ಮೈಮೇಲೆ ಹೆಸರು ಕೊರೆಯುತ್ತದೆ. ಕನ್ನಡ, ತೆಲುಗು, ಹಿಂದಿಯಾದರೆ ಎಡದಿಂದ ಬಲಕ್ಕೆ, ಉರ್ದುವಾದರೆ ಬಲದಿಂದ ಎಡಕ್ಕೆ. ನಡುವೆ ಯಾರಾದರೂ ಮಾತಾಡಿಸಿದರೆ ತಾವು ಯಾವ ದಿಕ್ಕಿಗೆ ಹೊರಟಿದ್ದೆವೆಂದು ಅವರಿಗೇ ಗೊಂದಲವಾಗುವುದುಂಟು.

ಅಂಗಡಿಯ ನಿಯಮ ಒಂದೇ. ಹೆಸರಿಲ್ಲದ ಪಾತ್ರೆ ಹೊಸಿಲು ದಾಟಬಾರದು. ಪಾತ್ರೆಗೆ ಮನುಷ್ಯನಿಗಿಂತ ತಿರುಗಾಟ ಜಾಸ್ತಿ ಎಂಬುದು ಅವರ ವಾದ. ಅದು ಮದುವೆಗೆ ಹೋಗುತ್ತದೆ, ಪಲ್ಯ ಹೊತ್ತು ಪಕ್ಕದ ಮನೆಗೆ ಹೋಗುತ್ತದೆ, ಅಡುಗೆಯವರ ಕೈಗೆ ಸಿಕ್ಕಿತೆಂದರೆ ಹೋಗಿಯೇ ಹೋಗುತ್ತದೆ. ತಳದಲ್ಲಿ ಹೆಸರಿದ್ದರೆ ಮಾತ್ರ, ನಾಚಿಕೆಗಾದರೂ ಯಾರೋ ತಂದುಕೊಡುತ್ತಾರೆ.

ಕೊರೆಯುವಾಗ ಹೆಸರು ತಪ್ಪಿದ ಪಾತ್ರೆಗಳು, ಮುರಿದುಬಿದ್ದ ಮದುವೆಯ ಪಾತ್ರೆಗಳು ಮಾರಾಟವಾಗುವಂತಿಲ್ಲ. ಅವು ಸೀದಾ ಮನೆಗೆ. ಹೀಗಾಗಿ ಅವರ ಮನೆಯಲ್ಲಿ ಊಟಕ್ಕೆ ಕೂತರೆ ಅರ್ಧ ಹೈದರಾಬಾದು ಪಂಕ್ತಿಯಲ್ಲಿದ್ದಂತೆ. ಹೆಂಡತಿ ಅಂಬವ್ವ ಉಣ್ಣುವ ತಟ್ಟೆಯ ಮೇಲೆ ‘ಸಮರ್ಥ್ ವೆಡ್ಸ್ ವರ್ಷಾ’ ಎಂದಿದೆ. ಆ ಸಮರ್ಥನಿಗೆ ಯಾವ ವರ್ಷವೂ ಆ ವರ್ಷಾ ಸಿಗಲಿಲ್ಲ, ಅಂಬವ್ವನವರಿಗೆ ತಟ್ಟೆ ಸಿಕ್ಕಿತು. ಸಾರಿನ ಪಾತ್ರೆ ಯಾರದೋ ಗೃಹಪ್ರವೇಶದ್ದು. ಅಂಬವ್ವನ ಹೆಸರಿನದೊಂದು ಚಮಚವೂ ಆ ಮನೆಯಲ್ಲಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ, ಅಂಬವ್ವನವರನ್ನು ಬಿಟ್ಟು.

ಇಂಥ ಮನೆಯ ಒಬ್ಬಳೇ ಮಗಳು ಕಾವ್ಯಾ, ಅಂಗಡಿಯ ಮೇಲಿನ ಕೋಚಿಂಗನ್ನೂ ಎದುರಿನ ಕೋಚಿಂಗನ್ನೂ ದಾಟಿ ಯೂನಿವರ್ಸಿಟಿಗೆ ಹೋಗಿ, ಎಂ.ಎ.ಗೆ ಕಲೆಯ ಇತಿಹಾಸ ಆರಿಸಿಕೊಂಡಳು. ಕಲೆ ತೆಗೆಯುವುದು ಪಾತ್ರೆಯವರ ಕಸುಬು. ತೆಗೆದು ಬಿಸಾಡುವುದಕ್ಕೂ ಒಂದು ಇತಿಹಾಸ ಇರುತ್ತದೆಯೇ ಎಂದು ಅಮರೇಶಪ್ಪ ಕೆಲವು ದಿನ ತಲೆ ಕೆರೆದುಕೊಂಡರು. ಪಕ್ಕದ ಫ್ಯಾನು, ಟ್ಯೂಬ್‌ಲೈಟಿನ ಅಂಗಡಿಯ ಅಂಬಣ್ಣ ಮಗಳ ಓದಿನ ಬಗ್ಗೆ ಕೇಳಿದಾಗ ಹಿಸ್ಟರಿ ಎಂದಷ್ಟೇ ಹೇಳಿ, ಐಎಎಸ್‌ಗೆ ಉಪಯೋಗವಾಗುತ್ತದೆ ಎಂದು ಸೇರಿಸಿದರು.

ಹುಮನಾಬಾದಿನ ಈ ಅಂಬಣ್ಣ ದೇವಸ್ಥಾನಗಳಿಗೆ ದಾನಿಗಳ ಹೆಸರು ಬರೆದ ಫ್ಯಾನು, ಟ್ಯೂಬ್‌ಲೈಟು ಒದಗಿಸುವವರು. ದಾನಿಯ ಹೆಸರು ದಪ್ಪವಾದಷ್ಟೂ ಗರ್ಭಗುಡಿಗೆ ಬೆಳಕು ಕಡಿಮೆ ಬೀಳುತ್ತಿತ್ತಾದರೂ ದೇವರಿಂದ ಈವರೆಗೆ ದೂರು ಬಂದಿರಲಿಲ್ಲ. ಸಂಶೋಧನೆಗೆ ಧನಸಹಾಯ ಸಿಗುತ್ತದಂತೆ ಎಂದು ಅಮರೇಶಪ್ಪ ಬಾಯಿಬಿಟ್ಟ ದಿನ ಅಂಬಣ್ಣ ಚಹಾದ ಲೋಟ ಕೆಳಗಿಟ್ಟರು.

“ಸಾವ್ಕಾರ್ರ, ನಮ್ಮ ಮಂದಿ ಫ್ಯಾನ್ ಕೊಡಸ್ತಾರ, ಟ್ಯೂಬ್ ಕೊಡಸ್ತಾರ. ಯಾಕಂದ್ರ ಹೆಸರು ಬರಸಾಕ ಜಾಗಾ ಇರ್ತೈತಿ. ಸಂಶೋಧನಾಕ್ಕ ಯಾರ್ ಕೊಡ್ತಾರ? ಅದಕ್ಕೇನು ರೆಕ್ಕಿ ಐತೇನ್ರಿ?”

ಅಮರೇಶಪ್ಪ ಆ ಪ್ರಶ್ನೆಯನ್ನು ಮನೆಗೆ ಹೊತ್ತೊಯ್ದರು. ಕಾವ್ಯಾಳ ಹತ್ತಿರ ಅವಕಾಶಗಳಿದ್ದವು. ಅವಳ ಮೊಬೈಲಿನ ಒಂದು ಗುಂಪಿಗೆ ದಿನಬೆಳಗಾದರೆ ಇಂಟರ್ನ್‌ಶಿಪ್ಪುಗಳ ಕರೆ ಬರುತ್ತಿತ್ತು. ಒಂದರಲ್ಲಿ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಬೇಕು, ಇನ್ನೊಂದರಲ್ಲಿ ಗ್ಯಾಲರಿಗೆ ಬಂದವರನ್ನು ನಗುಮುಖದಿಂದ ನಡೆಸಿಕೊಂಡು ಹೋಗಬೇಕು. ಕೆಲಸ ಬೇರೆ ಬೇರೆ, ಷರತ್ತು ಒಂದೇ. ಊಟ ನಿಮ್ಮದು, ವಸತಿ ನಿಮ್ಮದು, ಲ್ಯಾಪ್‌ಟಾಪ್ ನಿಮ್ಮದು, ಅನುಭವ ಮಾತ್ರ ನಮ್ಮದು. ಮಗಳು ಇದನ್ನೆಲ್ಲ ಓದಿ ಹೇಳಿದಾಗ ಅಮರೇಶಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನಮ್ಮ ದೊಡ್ಡಪ್ಪನೂ ರೊಕ್ಕ ಕೊಡ್ತಿದ್ದಿಲ್ಲವ್ವ. ಆದ್ರ ಎರಡೂ ಹೊತ್ತು ರೊಟ್ಟಿ ಹಾಕ್ತಿದ್ದ. ರೊಟ್ಟಿನೂ ಇಲ್ಲಂದ್ರ ನಿಮ್ಮವರು ನಮ್ಮ ದೊಡ್ಡಪ್ಪಗಿಂತ ದೊಡ್ಡಪ್ಪಗೋಳು ಬಿಡು.”

ಅಂದೇ ತಂದೆ ಮಗಳ ನಡುವೆ ಒಪ್ಪಂದವಾಯಿತು. ಕಲೆಯ ಇತಿಹಾಸ ಓದಲು ಹೊರಗಿನವರು ಯಾರಾದರೂ ಯುಗಾದಿಯೊಳಗೆ ದುಡ್ಡು ಕೊಟ್ಟರೆ ಅಮರೇಶಪ್ಪ ಸುಮ್ಮನಾಗಬೇಕು. ಕೊಡದಿದ್ದರೆ ಯುಗಾದಿಯ ಮರುದಿನ ಕಾವ್ಯಾ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿ ಬ್ಯಾಂಕ್ ಕೋಚಿಂಗಿಗೆ ಸೇರಬೇಕು. ಅವಳ ಕಣ್ಣಿದ್ದುದು ದೆಹಲಿಯ ಒಂದು ಪ್ರತಿಷ್ಠಾನದ ಫೆಲೋಶಿಪ್ಪಿನ ಮೇಲೆ. ದಖನಿನ ಲೋಹದ ವಸ್ತುಗಳ ಮೇಲೆ ಒಂದು ವರ್ಷ ಸಂಶೋಧನೆ, ತಿಂಗಳು ತಿಂಗಳು ಸಂಬಳ, ಓಡಾಟದ ಖರ್ಚು ಬೇರೆ. ಆದರೆ ಅರ್ಜಿ ಹಾಕಲು ಯಾವುದಾದರೂ ಮ್ಯೂಸಿಯಮ್ಮಿನಲ್ಲಿ ಇಂಟರ್ನ್ ಆಗಿ ದುಡಿದಿರಬೇಕು, ಅಲ್ಲಿಯವರ ಶಿಫಾರಸು ಬೇಕು. ಪಾತ್ರೆಯವನ ಮಗಳಿಗೆ ಪಾತ್ರತೆ ಸಾಲದು ಎಂದರೆ ಹೇಗೆ ಎಂದು ಅಮರೇಶಪ್ಪ ಗೊಣಗಿದರು. ಕಾವ್ಯಾ ಬಂಜಾರಾ ಹಿಲ್ಸಿನ ದಸ್ತರ್‌ಖಾನ್ ಟ್ರಸ್ಟಿನ ಮ್ಯೂಸಿಯಮ್ಮಿಗೆ ಸೇರಿಕೊಂಡಳು, ರೊಟ್ಟಿಯಿಲ್ಲದೆ.

ದಸ್ತರ್‌ಖಾನ್ ಟ್ರಸ್ಟ್ ಎಂದರೆ ಒಂದು ಹಳೆಯ ಬಂಗಲೆ, ಅದರ ತುಂಬ ಹಳೆಯ ನವಾಬಿ ಮನೆತನಗಳ ಅಡುಗೆ ಪಾತ್ರೆಗಳು, ಅವುಗಳ ನಡುವೆ ನಿರ್ದೇಶಕಿ ಸಪ್ನಾ ಮೇಡಂ. ಮೇಡಂ ಸದಾ ಬಿಳಿ ಕೈಗವಸು ಹಾಕಿಕೊಂಡು, ಮಕ್ಕಳ ಉಗುರು ತಪಾಸಣೆಗೆ ಬಂದ ಕಾನ್ವೆಂಟ್ ಸಿಸ್ಟರಂತೆ ಓಡಾಡುತ್ತಿದ್ದರು. ಕಾವ್ಯಾಳ ಕೆಲಸ ಒಂದೊಂದು ಪಾತ್ರೆಗೂ ವರದಿ ಬರೆಯುವುದು. ಎಲ್ಲಿ ತಗ್ಗಿದೆ, ಎಲ್ಲಿ ಕಲಾಯಿ ಹೋಗಿದೆ, ಎಲ್ಲಿ ಬೆಸುಗೆ ಬಿಟ್ಟಿದೆ ಎಂದು ಡಾಕ್ಟರರು ರೋಗಿಯ ಕಾಗದ ತುಂಬಿದಂತೆ ಬರೆಯಬೇಕು. ಪಾತ್ರೆಯನ್ನು ತೊಳೆಯುವಂತಿಲ್ಲ, ಉಜ್ಜುವಂತಿಲ್ಲ, ಬರಿಗೈಯಲ್ಲಿ ಮುಟ್ಟುವಂತಿಲ್ಲ. ಇದನ್ನು ಕೇಳಿದ ಅಂಬವ್ವ ತಮ್ಮ ಸಿಂಕಿನಲ್ಲಿ ಬಿದ್ದಿದ್ದ ರಾಶಿಯನ್ನು ಒಮ್ಮೆ ನೋಡಿ, ತಮ್ಮನ್ನೂ ಯಾರಾದರೂ ಅಂಥ ಕಡೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೇನೋ ವಿಚಾರಿಸು ಎಂದರು.

ಕಾವ್ಯಾ ಚೆನ್ನಾಗಿಯೇ ದುಡಿದಳು. ಶಿಫಾರಸು ಪತ್ರ ಬರೆಯುವುದಾಗಿ ಮೇಡಂ ಮಾತು ಕೊಟ್ಟರು. ಅಷ್ಟರಲ್ಲಿ ಮ್ಯೂಸಿಯಮ್ಮಿನ ಹೊಸ ಗ್ಯಾಲರಿಯ ಉದ್ಘಾಟನೆ ಬಂತು. ಇಂಟರ್ನ್‌ಗಳ ತಂದೆತಾಯಿಯರಿಗೂ ಕರೆ ಹೋಯಿತು.

ಬರಿಗೈಯಲ್ಲಿ ಹೋಗುವವರಲ್ಲ ಅಮರೇಶಪ್ಪ. ಮೇಡಂಗೆಂದು ಒಳ್ಳೆಯ ಸ್ಟೀಲ್ ಕೊಡವೊಂದನ್ನು ತೆಗೆದಿಟ್ಟರು. ಅವರ ಪೂರ್ತಿ ಹೆಸರು ಗೊತ್ತಿರಲಿಲ್ಲ. ಅಂದಾಜಿನ ಮೇಲೆ ಹೆಸರು ಕೊರೆಯುವುದು ಅಮರೇಶಪ್ಪನವರ ವ್ರತಕ್ಕೆ ವಿರುದ್ಧ. ಅಲ್ಲೇ ಕೇಳಿ ಅಲ್ಲೇ ಕೊರೆದರಾಯಿತು ಎಂದು ಯಂತ್ರವನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸಾಕಷ್ಟು ಮುಂಚೆಯೇ ಬಂಜಾರಾ ಹಿಲ್ಸ್ ಮುಟ್ಟಿದರು.

ಮಗಳು ಗ್ಯಾಲರಿಯಲ್ಲಿ ದೀಪ ಹೊಂದಿಸುವುದರಲ್ಲಿ ಮುಳುಗಿದ್ದಳು. ಇವರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದರು. ಅಲ್ಲೊಂದು ಉದ್ದ ಮೇಜು, ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಗಾಜಿನ ಪೆಟ್ಟಿಗೆ ಸೇರಲು ಕಾಯುತ್ತಿದ್ದ ಬಿರಿಯಾನಿ ಬೇಯಿಸುವಂಥ ತಾಮ್ರದ ಡೇಗ್ಚಿಗಳು. ಯಾವುದಕ್ಕೂ ಹೆಸರಿಲ್ಲ. ಕಿವಿಗೆ ದಾರ ಕಟ್ಟಿ ಒಂದು ಚೀಟಿ ತೂಗುಬಿಟ್ಟಿದ್ದಾರೆ, ಉಫ್ ಎಂದರೆ ಹಾರುವಂಥದ್ದು. ಇದನ್ನು ನೋಡಿಯೇ ಅಮರೇಶಪ್ಪನವರಿಗೆ ಒಂಥರಾ ಆಯಿತು. ಆಗ ಹಿತ್ತಲ ಬಾಗಿಲು ತೆರೆದುಕೊಂಡು ಅಡುಗೆಯವರು ಒಳಬಂದರು.

ಉದ್ಘಾಟನೆಗೆ ಬಿರಿಯಾನಿ ಇತ್ತು. ಅಡುಗೆಯವರು ತಮ್ಮ ಡೇಗ್ಚಿ ಹೊತ್ತು ಅದೇ ಕೋಣೆಯ ಮೂಲಕ ಒಳಗೆ ಹೋದರು, ಖಾಲಿ ಡೇಗ್ಚಿ ಹೊತ್ತು ಹೊರಗೆ ಬಂದರು. ಅವರಲ್ಲೊಬ್ಬ ಸುಸ್ತಾಗಿ ತನ್ನದೊಂದು ಡೇಗ್ಚಿಯನ್ನು ಮ್ಯೂಸಿಯಮ್ಮಿನ ಡೇಗ್ಚಿಗಳ ಪಕ್ಕದಲ್ಲೇ ಇಳಿಸಿ ಬೀಡಿ ಹುಡುಕಲು ಹೋದ. ಅಮರೇಶಪ್ಪನವರ ಆಯುಷ್ಯವೆಲ್ಲ ಯಾವ ಅನಾಹುತದ ವಿರುದ್ಧ ಹೋರಾಡಿತ್ತೋ ಅದು ಕಣ್ಣೆದುರೇ ನಡೆಯಲು ಸಜ್ಜಾಗಿತ್ತು. ಸಂಜೆಯೊಳಗೆ ನವಾಬರ ಪಾತ್ರೆ ಯಾವುದೋ ಫಂಕ್ಷನ್ ಹಾಲಿನಲ್ಲಿ ಒಲೆಯ ಮೇಲೆ ಕೂತಿರುತ್ತದೆ, ಮಗಳ ಮೇಲೆ ಆಪಾದನೆ ಬರುತ್ತದೆ. ಅವರು ಸ್ಕೂಟರಿಗೆ ಓಡಿದರು. ಗೋಡೆಯಲ್ಲಿ ಪ್ಲಗ್ಗು ಹುಡುಕಿದರು. ಎಲ್ಲಕ್ಕಿಂತ ದೊಡ್ಡ ಡೇಗ್ಚಿಯನ್ನು ಮಗುವಿನಂತೆ ತೊಡೆಯ ಮೇಲೆ ಬೋರಲು ಮಲಗಿಸಿಕೊಂಡರು. ಅವಸರದಲ್ಲಿ ಕೈಗೆ ಬಂದದ್ದು ತಾಯಿಭಾಷೆ.

‘ದಸ್ತರ್‌ಖಾನ್ ಟ್ರಸ್ಟ್, ಬಂಜಾರಾ ಹಿಲ್ಸ್.’

ಎರಡನೆಯ ಡೇಗ್ಚಿಗೆ ಕೈ ಹಾಕುವಷ್ಟರಲ್ಲಿ ಜುಂಯ್ ಸದ್ದು ಕೇಳಿ ಸಪ್ನಾ ಮೇಡಂ ಬಂದರು. ಹಿಂದೆಯೇ ಕಾವ್ಯಾ. ಮೇಡಂ ಬಿಳಿ ಕೈಗವಸಿನಿಂದ ಬಾಯಿ ಮುಚ್ಚಿಕೊಂಡರು. ಅಮರೇಶಪ್ಪ ಎದ್ದು ನಿಂತು, ಭಯಪಡಬೇಡಿ, ಇದು ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಹಿಂದಿಯಲ್ಲಿ ಧೈರ್ಯ ಹೇಳಿದರು.

“ಅಪ್ಪಾ, ಏನ್ ಮಾಡಿದಿ ನೀ?” ಎಂದಳು ಕಾವ್ಯಾ. ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು.

ಉದ್ಘಾಟನೆ ಮುಗಿಯುವವರೆಗೆ ಡೇಗ್ಚಿಯನ್ನು ತಳ ಕಾಣದಂತೆ ಇಟ್ಟರು. ಮುಖ್ಯ ಅತಿಥಿಗಳು ಅದನ್ನೇ ಬಹಳ ಹೊಗಳಿದರು. ಆಮೇಲೆ ಮೇಡಂ ತಂದೆ ಮಗಳಿಬ್ಬರನ್ನೂ ಆಫೀಸಿಗೆ ಕರೆದರು. ಇಂಟರ್ನಿನ ತಂದೆಯೇ ಹೀಗೆ ಮಾಡಿದ್ದು ಎಂದು ಟ್ರಸ್ಟಿಗಳಿಗೆ ತಿಳಿದರೆ ಶಿಫಾರಸು ಪತ್ರದ ಮಾತು ಅಲ್ಲಿಗೆ ಮುಗಿಯಿತು. ಹಿಂದಿನ ಕೋಣೆಗೆ ಕಾವಲು ಹಾಕದ ತಪ್ಪಿಗೆ ತಮ್ಮ ಕುರ್ಚಿಗೂ ಕುತ್ತು. ಆದ್ದರಿಂದ ಕಾವ್ಯಾ ಈ ಹಾನಿಯ ಬಗ್ಗೆಯೂ ವರದಿ ಬರೆಯಲಿ, ಕೊರೆದವರು ಯಾರು ಎಂಬಲ್ಲಿ ‘ಯಾರೋ ಅಪರಿಚಿತರು’ ಎಂದು ಹಾಕಲಿ ಎಂಬುದು ಮೇಡಂ ಕಂಡುಕೊಂಡ ದಾರಿ. ಇಷ್ಟು ಹೇಳಿ, ಅಮರೇಶಪ್ಪ ತಂದಿದ್ದ ಕೊಡವನ್ನು ಕೈಗವಸಿನ ತುದಿಯಿಂದ ವಾಪಸು ತಳ್ಳಿದರು.

ಅಮರೇಶಪ್ಪ ಮೊದಲ ಸಲ ತಲೆ ಎತ್ತಿದರು. ಬೈಗುಳಕ್ಕೆ ಅವರು ಸಿದ್ಧರಾಗಿದ್ದರು, ಅಪರಿಚಿತರಾಗಲು ಸಿದ್ಧರಿರಲಿಲ್ಲ.

“ಅಪರಿಚಿತ ಅಂದ್ರ ಹೆಂಗವ್ವ? ಅದು ನನ್ನ ಅಕ್ಷರ. ಆ ‘ದ’ದ ಕೊಕ್ಕಿ ನೋಡಿದ್ರ ದಿಲ್‌ಸುಖ್‌ನಗರದಾಗ ಯಾರರ ಹೇಳ್ತಾರ, ಇದು ಅಮರೇಶಪ್ಪಂದು ಅಂತ.”

“ನಿನ್ನ ಹೆಸರು ಬರದ್ರ ನಂದು ಹೋಗ್ತೈತಿ ಅಪ್ಪಾ.”

ಇಡೀ ಬದುಕು ಬೇರೆಯವರಿಗೆ ಹೆಸರು ಹಾಕಿಕೊಟ್ಟವರು, ತಾವೇ ಕೊರೆದದ್ದಕ್ಕೆ ತಮ್ಮ ಹೆಸರು ಬಿಟ್ಟುಕೊಡಬೇಕಾಗಿ ಬಂತು. ಸ್ವಲ್ಪ ಹೊತ್ತು ಕೊಡದ ಮೇಲೆ ಬೆರಳಾಡಿಸಿದರು. ಕೊನೆಗೆ, ಆಯ್ತು, ನಾನು ಯಾರೂ ಅಲ್ಲ ಎಂದು ಬರೆದುಕೊ ಎಂದು ಹೇಳಿ ಕೊಡ ಎತ್ತಿಕೊಂಡು ಹೊರಟರು. ಹೋಗುವಾಗ ಕಾವಲುಗಾರ ಪುಸ್ತಕದಲ್ಲಿ ಹೆಸರು ಬರೆಯಲು ಪೆನ್ನು ಕೊಟ್ಟರೆ ಅದನ್ನೂ ಬರೆಯಲಿಲ್ಲ.

ಆಮೇಲೆ ಕೆಲವು ವಾರ ಅಂಗಡಿಯಲ್ಲಿ ಜುಂಯ್ ಸದ್ದು ಕೇಳಲಿಲ್ಲ. ಯಂತ್ರ ಕೆಟ್ಟಿದೆ ಎಂದು ಗಿರಾಕಿಗಳಿಗೆ ಹೇಳಿದರು. ಹೆಸರಿಲ್ಲದ ಪಾತ್ರೆಗಳು ಹೊಸಿಲು ದಾಟಿದವು. ತಾವೇನು ಮುನಿಸಿಪಾಲ್ಟಿ ಎಲೆಕ್ಷನ್ನಿಗೆ ನಿಂತು ಸೋತಿದ್ದೀರಾ ಎಂದು ಅಂಬಣ್ಣ ವಿಚಾರಿಸಿದರು. ಅತ್ತ ಮೇಡಂ ಮಾತು ಉಳಿಸಿಕೊಂಡರು. ಶಿಫಾರಸು ಪತ್ರ ಹೋಯಿತು. ಅದರ ಜೊತೆ ಕಾವ್ಯಾ ಬರೆದ ವರದಿಗಳೆಲ್ಲವೂ ಹೋದವು. ದೆಹಲಿಯಿಂದ ಆನ್‌ಲೈನ್ ಸಂದರ್ಶನಕ್ಕೆ ಕರೆ ಬಂತು.

ಸಂದರ್ಶನದ ದಿನ ಮನೆಯ ಪಕ್ಕದಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ಬಂದು ನಿಂತಿತು. ಕಾವ್ಯಾ ಲ್ಯಾಪ್‌ಟಾಪ್ ಎತ್ತಿಕೊಂಡು ಅಂಗಡಿಯ ಹಿಂಭಾಗಕ್ಕೆ ಓಡಿಬಂದು, ಅಂಬಣ್ಣನವರ ವೈಫೈ ಹಿಡಿದು, ಕುಕ್ಕರುಗಳ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಅಮರೇಶಪ್ಪ ಷಟರ್ ಅರ್ಧ ಎಳೆದು, ಪರಾತಗಳ ಅಟ್ಟಿಯ ಹಿಂದೆ ಉಸಿರು ಹಿಡಿದು ನಿಂತರು.

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಕೊನೆಯಲ್ಲಿ, ಕೆಂಪು ಚೌಕಟ್ಟಿನ ಕನ್ನಡಕದ ಹಿರಿಯ ಮಹಿಳೆಯೊಬ್ಬರು ಒಂದು ವರದಿಯ ಬಗ್ಗೆ ಕೇಳಿದರು. ಕದಿಯಲು ಬಂದವರು ಮಾಲೀಕರ ವಿಳಾಸ ಕೊರೆದು ಹೋಗುವುದಿಲ್ಲ. ಕೆಡಿಸಲು ಬಂದವರು ಇಷ್ಟು ಮುದ್ದಾಗಿ ಬರೆಯುವುದಿಲ್ಲ. ಹೈದರಾಬಾದಿನಲ್ಲಿ ಕನ್ನಡದಲ್ಲಿ ಕೊರೆಯುವ ಈ ಅಪರಿಚಿತರು ಯಾರಿರಬಹುದು?

ಕಾವ್ಯಾ ಪರದೆಯಿಂದ ಕಣ್ಣು ತೆಗೆದಳು. ಪರಾತಗಳ ಹಿಂದಿನಿಂದ ಅಪ್ಪ ಎರಡೂ ಕೈ ಆಡಿಸುತ್ತಿದ್ದರು. ಗೊತ್ತಿಲ್ಲ ಅನ್ನು, ಗೊತ್ತಿಲ್ಲ ಅನ್ನು. ತಮ್ಮ ಹೆಸರನ್ನು ತಾವೇ ಅಳಿಸುತ್ತಿದ್ದ ಅಪ್ಪನ ಕೈಗಳನ್ನು ಅವಳು ಒಂದು ಕ್ಷಣ ನೋಡಿದಳು. ಆಮೇಲೆ ಪರದೆಗೆ ತಿರುಗಿ, ಅವರು ಅಪರಿಚಿತರಲ್ಲ, ನಮ್ಮಪ್ಪ, ವರದಿಯಲ್ಲಿ ನಾನು ಸುಳ್ಳು ಬರೆದಿದ್ದೇನೆ ಎಂದಳು.

ಪರಾತಗಳ ಅಟ್ಟಿ ಕುಸಿಯಿತು. ಕೋಚಿಂಗ್ ಸೆಂಟರಿನವರೂ ಕಿಟಕಿಯಿಂದ ಬಗ್ಗಿ ನೋಡುವಂಥ ಸದ್ದು. ಅದು ನಿಂತ ಮೇಲೆ ಕಾವ್ಯಾ, “ಬಾ ಅಪ್ಪಾ. ಯಾಕ ಮಾಡಿದ್ರಿ ಅಂತ ನಿನ್ನ ಕೇಳಾಕತ್ತಾರ” ಎಂದಳು.

ಅಮರೇಶಪ್ಪ ಮೀಸೆ ಒರೆಸಿಕೊಂಡು ಕ್ಯಾಮರಾದ ಮುಂದೆ ಬಂದು ನಮಸ್ಕಾರ ಮಾಡಿದರು. ಅಭ್ಯಾಸಬಲದಿಂದ ಅಂಗಡಿಯ ವಿಸಿಟಿಂಗ್ ಕಾರ್ಡನ್ನು ಪರದೆಗೆ ಹಿಡಿದರು. ನಂತರ ತಮ್ಮ ದಖನಿ ಹಿಂದಿಯಲ್ಲಿ ಬೀಡಿ ಹುಡುಕಲು ಹೋದ ಅಡುಗೆಯವನ ಕಥೆ ಪೂರ್ತಿ ಹೇಳಿ, ಮದುವೆಯಾದರೂ ಅಷ್ಟೆ, ಮ್ಯೂಸಿಯಮ್ಮಾದರೂ ಅಷ್ಟೆ, ಅಡುಗೆಯವರು ಒಂದೇ ಎಂಬ ತಾತ್ಪರ್ಯದೊಂದಿಗೆ ಮುಗಿಸಿದರು. “ಶಾದಿ ಹೋ ಯಾ ಮ್ಯೂಸಿಯಂ, ಕೇಟರಿಂಗ್‌ವಾಲಾ ಏಕೀಚ್ ರೆಹತಾ ಮೇಡಂ.”

ಕೆಂಪು ಕನ್ನಡಕದವರು ನಕ್ಕರು. ಪಕ್ಕದಲ್ಲಿದ್ದ ಗಂಭೀರ ಮುಖದವರು ನಗಲಿಲ್ಲ, ಏನನ್ನೋ ಬರೆದುಕೊಂಡರು.

ಅವರೇನು ಬರೆದುಕೊಂಡರೆಂಬುದು ಆಯ್ಕೆಯ ಪಟ್ಟಿ ಬಂದಾಗ ತಿಳಿಯಿತು. ಊರಿಗೆಲ್ಲ ಹೆಸರು ಹಾಕುವವರ ಮಗಳ ಹೆಸರು ಅದರಲ್ಲಿರಲಿಲ್ಲ. ಸುದ್ದಿ ದೆಹಲಿಯಿಂದ ಸಪ್ನಾ ಮೇಡಂಗೂ ಮುಟ್ಟಿತು. ಸರ್ಟಿಫಿಕೇಟ್ ಕೊಡುವುದಿಲ್ಲ ಎಂದು ಅವರು ಫೋನಿಟ್ಟರು. ಅನುಭವ ಪತ್ರ ಕೈತಪ್ಪಿತು, ಅನುಭವ ಮಾತ್ರ ಆಯಿತು. ಯುಗಾದಿಯ ಬೇವು-ಬೆಲ್ಲದಲ್ಲಿ ಅಂಬವ್ವ ಬೆಲ್ಲ ಎಷ್ಟು ಹಾಕಿದರೂ ಆ ವರ್ಷ ಯಾರಿಗೂ ಸಿಹಿ ಹತ್ತಲಿಲ್ಲ. ಮರುದಿನ ಕಾವ್ಯಾ ಮಾತಿಗೆ ತಪ್ಪದೆ ಮೆಟ್ಟಿಲು ಹತ್ತಿದಳು. ಒಪ್ಪಂದ ಬೇಡ, ಬಿಡು ಎಂದು ಅಮರೇಶಪ್ಪ ಹೇಳಿ ನೋಡಿದರು. ಅವಳು ಅವರ ಮಗಳೇ, ಕೊರೆದದ್ದನ್ನು ಅಳಿಸುವವಳಲ್ಲ. ಮೇಲೆ ಸರಳ ಬಡ್ಡಿ, ಚಕ್ರಬಡ್ಡಿಯ ಪಾಠ ನಡೆಯುತ್ತಿದ್ದರೆ ಕೆಳಗೆ ಅಪ್ಪ ಚಾವಣಿ ನೋಡುತ್ತ ಕೂರುತ್ತಿದ್ದರು. ಮಗಳು ಯಾವ ಬೆಂಚಿನಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು.

ಹಾಗೆ ಕೂತಿದ್ದಾಗ ಒಂದು ದಿನ ಅಂಗಡಿಯ ಫೋನು ಬಡಿದುಕೊಂಡಿತು. ಆ ಕಡೆಯಿಂದ ಹೆಂಗಸಿನ ದನಿ, ಹಲೋ, ಅಪರಿಚಿತರು ಮಾತಾಡುತ್ತಿದ್ದಾರೆಯೇ ಎಂದು ಹಿಂದಿಯಲ್ಲಿ ಕೇಳಿತು.

ಕೆಂಪು ಕನ್ನಡಕದವರು ವಿಸಿಟಿಂಗ್ ಕಾರ್ಡಿನ ನಂಬರು ಬರೆದಿಟ್ಟುಕೊಂಡಿದ್ದರು. ಸುಳ್ಳು ವರದಿಗೆ ದೊಡ್ಡ ಫೆಲೋಶಿಪ್ ಕೊಡುವಂತಿಲ್ಲ ಎಂಬ ಗಂಭೀರ ಮುಖದವರ ಮಾತು ಸರಿಯೇ ಎಂದರು. ಆದರೆ ಅದೇ ಪ್ರತಿಷ್ಠಾನದಲ್ಲಿ ಕಿರಿಯ ಅನುದಾನವೊಂದಿತ್ತು, ಅರ್ಧ ವರ್ಷದ್ದು. ಮನೆಗಳ ಪಾತ್ರೆಗಳ ಮೇಲೆ ಕೊರೆದ ಹೆಸರುಗಳನ್ನು ದಾಖಲಿಸುವುದಾದರೆ, ಅದಕ್ಕೂ ಮೊದಲು ಡೇಗ್ಚಿಯ ವರದಿಯನ್ನು ತಿದ್ದಿ ನಿಜ ಬರೆಯುವುದಾದರೆ, ಅದು ಕಾವ್ಯಾಳಿಗೆ. ಇನ್ನೊಂದು ಷರತ್ತೂ ಇತ್ತು. ಅಪ್ಪನವರು ಈ ಸಂಶೋಧನೆಯ ಯಾವ ವಸ್ತುವಿಗೂ ಯಂತ್ರ ಮುಟ್ಟಿಸುವಂತಿಲ್ಲ.

ಮೇಲಿನ ಕೋಚಿಂಗಿನ ಮೆಟ್ಟಿಲನ್ನು ಅಮರೇಶಪ್ಪ ಅದೇ ಮೊದಲು ಹತ್ತಿದ್ದು. ಪಾಠದ ನಡುವೆಯೇ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟರು. ಹುಡುಗರು ಯಾರೋ ದೊಡ್ಡ ಅಧಿಕಾರಿ ಬಂದರೆಂದು ಎದ್ದು ನಿಂತರು.

“ಕಾವ್ಯಾ, ಕೆಳಗ ನಡಿ. ನಿನ್ನ ಕಲೆಗೆ ಯಾರೋ ರೊಕ್ಕ ಕೊಡಾಕತ್ತಾರ.” ಮೇಷ್ಟರ ಕಡೆ ತಿರುಗಿ ಕೈ ಮುಗಿದರು. “ಚಕ್ರಬಡ್ಡಿ ನೀವ ಇಟ್ಕೋರಿ.”

ತಿದ್ದಿದ ವರದಿ ದಸ್ತರ್‌ಖಾನ್ ಟ್ರಸ್ಟಿಗೆ ಹೋಯಿತು. ಕೊರೆದವರು: ಅಮರೇಶಪ್ಪ, ಪಾತ್ರೆ ವ್ಯಾಪಾರಿ, ದಿಲ್‌ಸುಖ್‌ನಗರ. ಕಾರಣ: ಅಡುಗೆಯವರು ಒಯ್ದಾರೆಂಬ ಭಯ. ಅದರ ನಕಲೊಂದನ್ನು ಅಮರೇಶಪ್ಪ ಚೌಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದರು. ಅಂಬಣ್ಣ ಬಂದು ಅದನ್ನು ಓದಿ, ತಾವು ಇಷ್ಟು ವರ್ಷ ಫ್ಯಾನಿನ ರೆಕ್ಕೆಗೆ ಹೆಸರು ಬರೆಸಿದ್ದು ದಂಡ ಎಂದು ಒಪ್ಪಿಕೊಂಡರು.

ಸಂಶೋಧನೆಯನ್ನು ಕಾವ್ಯಾ ತನ್ನ ಮನೆಯ ಅಡುಗೆಮನೆಯಿಂದಲೇ ಶುರುಮಾಡಿದಳು. ಕ್ಯಾಮರಾ ಹಿಡಿದು ಒಂದೊಂದೇ ಪಾತ್ರೆಯನ್ನು ಬೋರಲು ಹಾಕಿದಳು. ಸಮರ್ಥ್ ವೆಡ್ಸ್ ವರ್ಷಾ. ಯಾರದೋ ಗೃಹಪ್ರವೇಶ. ಯಾರದೋ ನಿವೃತ್ತಿ. ಎಲ್ಲ ಮುಗಿದ ಮೇಲೆ, ಇದರಲ್ಲಿ ನಿನ್ನದು ಯಾವುದು ಎಂದು ಅವ್ವನನ್ನು ಕೇಳಿದಳು. ಅಂಬವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

“ಇವೆಲ್ಲಾ ಮಂದೀವು. ತಿಕ್ಕೋದಷ್ಟ ನಂದು.”

ಜಗಲಿಯಲ್ಲಿ ಪೇಪರು ಓದುತ್ತಿದ್ದ ಅಮರೇಶಪ್ಪ ಪೇಪರು ಮಡಚಿಟ್ಟರು. ಎದ್ದು ಹೋಗಿ, ಮೇಡಂ ವಾಪಸು ಕಳಿಸಿದ್ದ ಕೊಡವನ್ನು ಅಟ್ಟದಿಂದ ಇಳಿಸಿದರು. ಸ್ಕೂಟರಿನ ಡಿಕ್ಕಿಯಿಂದ ಯಂತ್ರ ತಂದು ಪ್ಲಗ್ಗಿಗೆ ಸಿಕ್ಕಿಸಿದರು. ಷರತ್ತು ನೆನಪಾಗಿ ಮಗಳ ಮುಖ ನೋಡಿದರು.

ಕಾವ್ಯಾ ಕ್ಯಾಮರಾ ಮುಚ್ಚಿದಳು. “ಅದು ಇನ್ನೂ ನನ್ನ ಸಂಶೋಧನಾದಾಗ ಬಂದಿಲ್ಲಪ್ಪಾ. ಹಾಕಿ ಮುಗಿಸು, ಆಮ್ಯಾಲೆ ಫೋಟೋ ತಗೀತೀನಿ.”

ಅಮರೇಶಪ್ಪ ಅಭ್ಯಾಸದಂತೆ ಕೊಡವನ್ನು ಬೋರಲು ಹಾಕಿ ತಳಕ್ಕೆ ಮೊನೆ ಇಡಲು ಹೋದರು. ಅಂಬವ್ವ ಹಿಟ್ಟಿನ ಕೈಯಲ್ಲೇ ಬಂದು ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರು. ಹೊಳೆಯುವ ಹೊಟ್ಟೆಯ ಮೇಲೆ ಹಿಟ್ಟಿನ ಬೆರಳ ಗುರುತು ಮೂಡಿತು.

“ತಳಕ್ಕ ಬ್ಯಾಡ್ರಿ. ಇಲ್ಲಿ ಹಾಕ್ರಿ, ಮುಂದ. ಯಾರ್ ಬಂದ್ರೂ ಕಾಣಂಗ.”